ಪಕ್ಕದ ಮನೆಯವರ ಕಿರುಕುಳ: ಆಶ್ರಯ ಮನೆಯಲ್ಲಿರೋರು ಎಲ್ಲಿಗೆ ಹೋಗಬೇಕು, ಏನು ಬರೆದುಕೊಡಬೇಕು?

ಮೇಲೂರು: ಆಶ್ರಯ ಮನೆ, ಜನತಾ ಮನೆ, ಬಸವ ವಸತಿ, ಅಂಬೇಡ್ಕರ್ ನಿವಾಸ ಅಂತ ಹೆಸರು ಬೇರೆ ಬೇರೆ. ಆದರೆ ನಮ್ಮ ತಾಲ್ಲೂಕಿನ ಯಾವ ಕಾಲೋನಿಗೆ ಹೋದರೂ ಕಥೆ ಒಂದೇ. ಗೋಡೆಗೆ ಗೋಡೆ ತಾಗಿಕೊಂಡಿರುತ್ತೆ. ಒಬ್ಬರ ಬಚ್ಚಲು ನೀರು ಇನ್ನೊಬ್ಬರ ಬಾಗಿಲ ಮುಂದೆ ಹರಿಯುತ್ತೆ. ಒಂದೇ ನಲ್ಲಿಗೆ ಹತ್ತು ಬಿಂದಿಗೆ ಸಾಲು ನಿಂತಿರುತ್ತೆ. ಇಂಥ ಕಡೆ ಮಾತಿಗೆ ಮಾತು ಬರೋದು ಸಹಜ. ಸಂಜೆ ಜಗಳ ಆಡಿ ಬೆಳಿಗ್ಗೆ ಸಾರು ಕೊಟ್ಟು ಕಳಿಸೋರೂ ನಮ್ಮಲ್ಲೇ ಇದ್ದಾರೆ.

ಈ ಬರಹ ಅಂಥ ಜಗಳದ ಬಗ್ಗೆ ಅಲ್ಲ. ಒಂದೇ ಮನೆಯನ್ನು ಗುರಿ ಮಾಡಿಕೊಂಡು ದಿನಾ ಬೈಯೋದು, ದಾರಿಗೆ ಅಡ್ಡ ಗಾಡಿ ನಿಲ್ಲಿಸೋದು, ಚರಂಡಿ ಕಟ್ಟಿ ನೀರು ನುಗ್ಗಿಸೋದು, ಹೆಣ್ಣುಮಕ್ಕಳು ಓಡಾಡುವಾಗ ಕೆಟ್ಟ ಮಾತಾಡೋದು, 'ಊರು ಬಿಡಿಸ್ತೀನಿ' ಅಂತ ಹೆದರಿಸೋದು. ಇದು ಕಿರುಕುಳ. ಇದಕ್ಕೆ ಕಾನೂನಿನಲ್ಲಿ ದಾರಿ ಇದೆ. ಆದರೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಿಲ್ಲದೆ ತುಂಬಾ ಜನ ಪಂಚಾಯ್ತಿಯಿಂದ ಠಾಣೆಗೆ, ಠಾಣೆಯಿಂದ ಪಂಚಾಯ್ತಿಗೆ ಅಲೆದು ಸುಸ್ತಾಗ್ತಾರೆ.

ನಮ್ಮ ಮನೆಯಲ್ಲೇ ಆಗಿದ್ದು

ನಮ್ಮದೂ ಸರ್ಕಾರದಿಂದ ಬಂದ ಮನೆ. ಹಿಂದೆ ಒಂದು ಶೀಟಿನ ಕೊಠಡಿ ಹಾಕಿಕೊಂಡು ಅಮ್ಮ ಐವತ್ತು ಮೊಟ್ಟೆ ಹುಳ ಸಾಕುತ್ತಿದ್ದರು. ಪಕ್ಕದವರಿಗೂ ನಮಗೂ ಚರಂಡಿ ವಿಷಯಕ್ಕೆ ಮೂರು ವರ್ಷದಿಂದ ಆಗ್ತಿರಲಿಲ್ಲ. ಒಂದು ಸಲ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದಾಗ, ಕೊಠಡಿ ಕಿಟಕಿ ಪಕ್ಕದಲ್ಲೇ ಪ್ಲಾಸ್ಟಿಕ್, ಹಳೇ ಟೈರು ಹಾಕಿ ಸುಟ್ಟರು. ಹೊಗೆಗೆ ಬೆಳೆ ಹೋಯ್ತು. ನಾನು ಹೋಗಿ ಆ ಯಜಮಾನರ ಕೊರಳಪಟ್ಟಿ ಹಿಡಿದು ಹೊಡೆದೆ.

ಆಮೇಲೆ ಆಗಿದ್ದು ಇಷ್ಟು. ಅವರು ಆಸ್ಪತ್ರೆಗೆ ಹೋಗಿ ಗಾಯದ ದಾಖಲೆ ಮಾಡಿಸಿ ನನ್ನ ಮೇಲೆ ಕೇಸ್ ಹಾಕಿದರು. ನಾವೂ ಕೇಸ್ ಕೊಟ್ಟೆವು. ಅವರ ಕೈಯಲ್ಲಿ ಕಾಗದ ಇತ್ತು. ಮೂರು ವರ್ಷ ಅನುಭವಿಸಿದ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ, ಯಾಕಂದ್ರೆ ನಾವು ಯಾವತ್ತೂ ಬರೆದುಕೊಟ್ಟಿರಲಿಲ್ಲ. ಡಿಗ್ರಿ ಎರಡನೇ ವರ್ಷದ ಪರೀಕ್ಷೆ ದಿನವೇ ಹಾಜರಿ ಬಂತು. ಹೋಗದಿದ್ರೆ ವಾರಂಟ್ ಆಗುತ್ತೆ ಅಂತ ಹೆದರಿ ಕೋರ್ಟ್ ವರಾಂಡದಲ್ಲಿ ನಿಂತೆ. ವಕೀಲರ ಮೂಲಕ ಆ ಒಂದು ದಿನಕ್ಕೆ ಗೈರುಹಾಜರಿ ಅರ್ಜಿ ಹಾಕಿಸಬಹುದಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಕೊನೆಗೆ ಲೋಕ ಅದಾಲತ್‌ನಲ್ಲಿ ಎರಡೂ ಕಡೆ ರಾಜಿ ಆಯ್ತು. ನಾನು ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಹಾಗಾಗಿ ಕೆಳಗಿನದ್ದನ್ನು ಓದಿ, ಬೇಕಾದವರಿಗೆ ಕಳಿಸಿ. ನನಗೆ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸೋ ವಿಷಯಗಳು ಇವು.

ಪಂಚಾಯ್ತಿ ನಿಮ್ಮ ಮನೆ ಮಾಲೀಕ ಅಲ್ಲ

'ಮನೆ ಕೊಟ್ಟಿದ್ದು ಪಂಚಾಯ್ತಿ, ಅವರೇ ಪಕ್ಕದವರನ್ನ ಖಾಲಿ ಮಾಡಿಸಲಿ' ಅಂತ ಅನೇಕರು ಪಿಡಿಒ ಹತ್ತಿರ ಹೋಗ್ತಾರೆ. ಇಂಗ್ಲೆಂಡಿನಂಥ ದೇಶದಲ್ಲಿ ಸ್ಥಳೀಯ ಸಂಸ್ಥೆಯ ಮನೆ ಅಂದ್ರೆ ಬಾಡಿಗೆ ಮನೆ. ಅಲ್ಲಿ ನೆರೆಯವರಿಗೆ ಕಾಟ ಕೊಟ್ಟರೆ ಕೋರ್ಟಿಗೆ ಹೋಗಿ ಖಾಲಿ ಮಾಡಿಸಬಹುದು. ನಮ್ಮಲ್ಲಿ ಹಾಗಲ್ಲ. ಇಲ್ಲಿ ವಸತಿ ಯೋಜನೆಗಳನ್ನು ನೋಡಿಕೊಳ್ಳೋದು 2000ನೇ ಇಸವಿಯಲ್ಲಿ ಶುರುವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಫಲಾನುಭವಿಗಳನ್ನು ಆರಿಸೋದು ಗ್ರಾಮಸಭೆ. ಹಕ್ಕುಪತ್ರ ಕೈಗೆ ಬಂದ ಮೇಲೆ ಮನೆ ಆ ಕುಟುಂಬದ್ದು. ಜಗಳಗಂಟ ಅನ್ನೋ ಒಂದೇ ಕಾರಣಕ್ಕೆ ಪಿಡಿಒ ಯಾರನ್ನೂ ಹೊರಗೆ ಹಾಕೋಕೆ ಆಗಲ್ಲ.

ಹಾಗಂತ ಪಂಚಾಯ್ತಿಗೆ ಏನೂ ಅಧಿಕಾರ ಇಲ್ಲ ಅಂತಲ್ಲ. ರಸ್ತೆ, ಚರಂಡಿ, ನಲ್ಲಿ, ಕಸ, ಬೀದಿದೀಪ, ಸಾರ್ವಜನಿಕ ಜಾಗದ ಒತ್ತುವರಿ ಇವೆಲ್ಲ ಪಂಚಾಯ್ತಿ ಕೆಲಸವೇ. ಇನ್ನು ಪಕ್ಕದವರು ಮನೆ ಪಡೆದವರಲ್ಲ, ಬಾಡಿಗೆಗೆ ಬಂದವರು ಅಂತಾದ್ರೆ ಮೊದಲು ಮನೆ ಪಡೆದವರ ಜೊತೆ ಮಾತಾಡಿ. ಹಕ್ಕುಪತ್ರದಲ್ಲಿರುವ ಷರತ್ತುಗಳನ್ನೂ ಒಂದು ಸಲ ಓದಿ. ಷರತ್ತು ಮುರಿದಿದ್ದಾರೆ ಅನ್ನಿಸಿದರೆ ಅದನ್ನು ಪಿಡಿಒಗೆ, ತಾಲ್ಲೂಕು ಪಂಚಾಯ್ತಿ ಇಒಗೆ ಬರೆದುಕೊಡಬಹುದು.

ನಗರಸಭೆ ವ್ಯಾಪ್ತಿಯಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿದ ಮನೆ ಆಗಿದ್ದರೆ ಮನೆ ಹಂಚಿಕೆ ವಿಷಯಕ್ಕೆ ಮಂಡಳಿ ಅಧಿಕಾರಿಗಳು, ನೀರು, ಕಸ, ಚರಂಡಿಗೆ ನಗರಸಭೆ.

ಮೊದಲ ಕೆಲಸ: ಒಂದು ನೋಟ್‌ಬುಕ್

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ಪ್ರತಿ ಸಲ ತೊಂದರೆ ಆದಾಗ ಆವತ್ತೇ ಬರೆಯಿರಿ: ತಾರೀಖು, ಸಮಯ, ಏನಾಯ್ತು, ಆಡಿದ ಮಾತು ಇದ್ದ ಹಾಗೇ, ಅಲ್ಲಿ ಯಾರ್ಯಾರು ಇದ್ದರು. 'ಯಾವಾಗಲೂ ಬೈತಾರೆ ಸಾರ್' ಅಂದ್ರೆ ಠಾಣೆಯಲ್ಲಿ ಯಾರೂ ಕಿವಿ ಮೇಲೆ ಹಾಕಿಕೊಳ್ಳಲ್ಲ. 'ಈ ತಿಂಗಳು 3, 9, 14ನೇ ತಾರೀಖು ಹೀಗೆ ಹೀಗೆ ಆಯ್ತು' ಅಂದ್ರೆ ಪೆನ್ನು ತಗೋತಾರೆ.

ಫೋಟೋ, ವಿಡಿಯೋ ಇದ್ದರೆ ವಾಟ್ಸಾಪ್‌ನಲ್ಲಿ ಕಳಿಸಿ ಮೂಲ ಅಳಿಸಬೇಡಿ. ವಿಡಿಯೋ ತೆಗೆದ ಫೋನ್ ಜೋಪಾನವಾಗಿರಲಿ. ಕೋರ್ಟಿನಲ್ಲಿ ಮೊಬೈಲ್ ದಾಖಲೆ ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೇಳ್ತಾರೆ. ಹಾಗಂತ ಪಕ್ಕದ ಮನೆಯ ಬಚ್ಚಲು, ಕಿಟಕಿ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಆಗ ನೀವೇ ಆರೋಪಿ ಆಗ್ತೀರಿ.

ಪೆಟ್ಟು ಬಿದ್ದಿದ್ದರೆ ಆವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೊಡೆದಿದ್ದರಿಂದ ಆದ ಗಾಯ ಅಂತ ಹೇಳಿ, ಎಂಎಲ್‌ಸಿ ಮಾಡಿಸಿ. ಎರಡು ದಿನ ಅರಿಶಿನ ಹಚ್ಚಿಕೊಂಡು ಕೂತು ಆಮೇಲೆ ಹೋದರೆ ದಾಖಲೆಗೆ ಬಲ ಇರಲ್ಲ.

ಯಾವ ತೊಂದರೆಗೆ ಯಾರ ಹತ್ತಿರ?

ಚರಂಡಿ ಕಟ್ಟಿದ್ದಾರೆ, ರಸ್ತೆಗೆ ಮೆಟ್ಟಿಲು, ಶೀಟು ಹಾಕಿದ್ದಾರೆ, ಕಸ ಸುರೀತಾರೆ: ಪಿಡಿಒಗೆ ಲಿಖಿತ ಅರ್ಜಿ. ಬಾಯಿ ಮಾತು ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕೆಲಸ ಆಗದಿದ್ರೆ ಇಒಗೆ. ಅರ್ಜಿ ಏನಾಯ್ತು ಅಂತ ತಿಳಿಯೋಕೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಪಂಚಾಯ್ತಿಯೂ ಸುಮ್ಮನಿದೆ, ಗಲೀಜು ನೀರಿನಿಂದ ಬೀದಿಗೇ ತೊಂದರೆ: ಉಪವಿಭಾಗಾಧಿಕಾರಿಗೆ ಅರ್ಜಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಸಾರ್ವಜನಿಕ ಉಪದ್ರವ ತೆಗೆಸಲು ಅವರು ಆದೇಶ ಮಾಡಬಹುದು. ಹಿಂದಿನ ಸಿಆರ್‌ಪಿಸಿಯಲ್ಲಿ ಇದೇ 133ನೇ ಕಲಂ ಆಗಿತ್ತು. ಮಧ್ಯಪ್ರದೇಶದ ರತ್ಲಾಂನ ಒಂದು ಬಡಾವಣೆ ಜನ ಚರಂಡಿ ವಾಸನೆ ತಡೆಯಲಾಗದೆ ಇದೇ ಕಲಂ ಹಿಡಿದು ಹೋದರು. 'ದುಡ್ಡಿಲ್ಲ' ಅಂತ ಪುರಸಭೆ ಹೇಳಿದ್ದನ್ನು 1980ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಬ್ಬರೇ ಹೋಗುವ ಬದಲು ಬೀದಿಯ ನಾಲ್ಕು ಮನೆಯವರು ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತೆ.

ರಾತ್ರಿ ಸ್ಪೀಕರ್, ಡಿಜೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸದ್ದು ಕೇಳ್ತಿರುವಾಗಲೇ 112ಕ್ಕೆ ಫೋನ್ ಮಾಡಿ.

ನಿಮ್ಮ ಮೀಟರ್‌ನಿಂದ ವೈರ್ ಎಳೆದುಕೊಂಡಿದ್ದಾರೆ: ಬೆಸ್ಕಾಂ 1912. ನೀವೇ ವೈರ್ ಕೀಳೋಕೆ ಹೋಗಬೇಡಿ.

ಬೈಗುಳ, ಬೆದರಿಕೆ, ಹೊಡೆತ, ಮನೆಗೆ ನುಗ್ಗೋದು: ನೇರ ಪೊಲೀಸ್ ಠಾಣೆ.

ಠಾಣೆಯಲ್ಲಿ ಏನಾಗುತ್ತೆ?

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನೆರೆ ಜಗಳದಲ್ಲಿ ಸಾಮಾನ್ಯವಾಗಿ ಬರುವ ಕಲಂಗಳು ಇವು:

- 126(2): ದಾರಿಗೆ ಅಡ್ಡಗಟ್ಟುವುದು. ಒಂದು ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ.
- 115(2): ಹೊಡೆದು ನೋವುಂಟುಮಾಡುವುದು. ಒಂದು ವರ್ಷದವರೆಗೆ ಸಜೆ ಅಥವಾ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ.
- 329(4): ಮನೆಗೆ ಅತಿಕ್ರಮ ಪ್ರವೇಶ. ಒಂದು ವರ್ಷದವರೆಗೆ ಸಜೆ.
- 351: ಬೆದರಿಕೆ. ಸಾಮಾನ್ಯ ಬೆದರಿಕೆಗೆ ಎರಡು ವರ್ಷದವರೆಗೆ, ಜೀವ ಬೆದರಿಕೆಯಂಥದ್ದಕ್ಕೆ ಏಳು ವರ್ಷದವರೆಗೆ.
- 352: ಜಗಳಕ್ಕೆ ಕೆರಳಿಸುವ ಉದ್ದೇಶದ ಅವಮಾನ. ಎರಡು ವರ್ಷದವರೆಗೆ.
- 79: ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತು, ಸನ್ನೆ. ಮೂರು ವರ್ಷದವರೆಗೆ.

ಇದರಲ್ಲಿ ಒಂದು ಗುಟ್ಟಿದೆ. ಬರೀ ಬೈದರು, ಬರೀ ಕೈಯಲ್ಲಿ ಹೊಡೆದರು ಅಂದ್ರೆ ಅದು ಅಸಂಜ್ಞೇಯ. ಪೊಲೀಸರು ಎನ್‌ಸಿಆರ್ ಮಾಡಿ ಕೊಡ್ತಾರೆ, ನ್ಯಾಯಾಧೀಶರ ಅಪ್ಪಣೆ ಇಲ್ಲದೆ ತನಿಖೆ ಮಾಡೋಕೆ ಬರಲ್ಲ. ದಾರಿಗೆ ಅಡ್ಡಗಟ್ಟಿದ್ದು, ಮನೆಗೆ ನುಗ್ಗಿದ್ದು, ಹೆಣ್ಣುಮಕ್ಕಳಿಗೆ ಕೆಟ್ಟದಾಗಿ ಮಾತಾಡಿದ್ದು ಸಂಜ್ಞೇಯ. ಅದಕ್ಕೆ ಎಫ್‌ಐಆರ್ ಆಗಬೇಕು. ಒಂದೇ ಘಟನೆಯಲ್ಲಿ ಒಂದು ಸಂಜ್ಞೇಯ ಅಪರಾಧ ಇದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯ ಅಂತಲೇ ನೋಡಬೇಕು. ಆದ್ದರಿಂದ ಆದದ್ದನ್ನೆಲ್ಲ ಬಿಡದೆ ಬರೆಯಿರಿ. ಆಗದೇ ಇದ್ದದ್ದನ್ನು ಸೇರಿಸಬೇಡಿ. ಸುಳ್ಳು ದೂರು ಕೊಡೋದೂ ಅಪರಾಧವೇ.

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಗೆ ಹೋದರೂ ದೂರು ತಗೋಬೇಕು, 'ನಮ್ಮ ವ್ಯಾಪ್ತಿ ಅಲ್ಲ' ಅನ್ನೋ ಹಾಗಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣ ಆದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡೋಕೆ ಅವಕಾಶ ಇದೆ. ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ವಕೀಲರ ಮೂಲಕ ನ್ಯಾಯಾಲಯ.

ಎನ್‌ಸಿಆರ್ ಆದ್ರೆ ಏನೂ ಆಗಲಿಲ್ಲ ಅಂತ ಬೇಜಾರಾಗಬೇಡಿ. ಅದು ಕಾಗದ. ಅಂಥ ಎರಡು ಕಾಗದ ಇದ್ದರೆ ಮುಂದಿನ ದಾರಿ ಸಲೀಸು.

ತಹಶೀಲ್ದಾರರ ಬಾಂಡ್

ತುಂಬಾ ಜನಕ್ಕೆ ಗೊತ್ತಿಲ್ಲದ, ಆದರೆ ನೆರೆ ಜಗಳಕ್ಕೆ ಚೆನ್ನಾಗಿ ಕೆಲಸ ಮಾಡೋ ದಾರಿ ಇದು. ಮತ್ತೆ ಮತ್ತೆ ಗಲಾಟೆ ಮಾಡುವವರ ಮೇಲೆ ಪೊಲೀಸರು ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದ್ರೆ ತಹಶೀಲ್ದಾರರಿಗೆ ವರದಿ ಕೊಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಪ್ರಕಾರ ತಹಶೀಲ್ದಾರರು ಆ ವ್ಯಕ್ತಿಯನ್ನು ಕರೆಸಿ, ವಿಚಾರಣೆ ನಡೆಸಿ, ಶಾಂತಿ ಕದಡುವುದಿಲ್ಲ ಅಂತ ಒಂದು ವರ್ಷದವರೆಗೆ ಬಾಂಡ್ ಬರೆಸಿಕೊಳ್ಳಬಹುದು. ಹಳಬರು ಇದನ್ನ '107 ಕೇಸ್' ಅಂತಾರೆ. ಬಾಂಡ್ ಬರೆದುಕೊಟ್ಟು ಅದರಂತೆ ನಡೆದುಕೊಂಡರೆ ಜೈಲಿಗೆ ಹೋಗಬೇಕಾಗಿಲ್ಲ, ಆದರೆ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಸಹಿ ಹಾಕಿ ಬಂದವರು ಮಾರನೇ ದಿನ ಬಾಯಿ ಬಿಡೋಕೆ ಮುಂಚೆ ಯೋಚನೆ ಮಾಡ್ತಾರೆ. ಹೊಡೆದಾಟ ಆಗೋ ತನಕ ಕಾಯದೆ ಮೊದಲೇ ಕೇಳಬಹುದಾದ ಪರಿಹಾರ ಇದು. ದೂರಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಸಾಕು. ಒಂದು ಮಾತು: ಕೆಲವು ಸಲ ಎರಡೂ ಕಡೆಯವರಿಂದ ಬಾಂಡ್ ಬರೆಸ್ತಾರೆ. ನೀವು ತಪ್ಪು ಮಾಡಿಲ್ಲ ಅಂದ್ರೆ ನಿಮ್ಮ ನೋಟ್‌ಬುಕ್ ತೋರಿಸಿ ಹೇಳಿಕೊಳ್ಳಿ.

ಜಾತಿ ಹಿಡಿದು ಬೈದರೆ

ಪರಿಶಿಷ್ಟ ಜಾತಿ, ಪಂಗಡದವರಿಗೆ ಇತರೆ ಜಾತಿಯವರು ಜನರ ಕಣ್ಣೆದುರಿಗೆ ಜಾತಿ ಹಿಡಿದು ಬೈದರೆ, ನಲ್ಲಿ ನೀರು, ದಾರಿ ತಡೆದರೆ, ಬಹಿಷ್ಕಾರ ಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತೆ. ತನಿಖೆ ಡಿವೈಎಸ್‌ಪಿ ಮಟ್ಟದ ಅಧಿಕಾರಿ ಮಾಡ್ತಾರೆ, ಸಂತ್ರಸ್ತರಿಗೆ ಪರಿಹಾರವೂ ಇದೆ. ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತಿಗೆ ಜಾತಿ ನಿಂದನೆಯ ಕಲಂ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಎಲ್ಲಿ ಆಯ್ತು, ಕೇಳಿಸಿಕೊಂಡವರು ಯಾರು ಅನ್ನೋದನ್ನು ದೂರಿನಲ್ಲಿ ತಪ್ಪದೆ ಬರೆಯಿರಿ. ಸಹಾಯವಾಣಿ 14566.

ಹೆಣ್ಣುಮಕ್ಕಳು 181ಕ್ಕೆ, ಹಿರಿಯರು 14567ಕ್ಕೆ, ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಫೋನ್ ಮಾಡಬಹುದು. ತಕ್ಷಣಕ್ಕೆ ಯಾವುದಕ್ಕಾದರೂ 112.

ಅಂಗಡಿ ಇಟ್ಟಿರೋರು ಗಮನಿಸಿ

ಕಾಲೋನಿ ಜಗಳಗಳಿಗೆ ಹೆಚ್ಚಾಗಿ ಸಾಕ್ಷಿ ಆಗೋದು ಪಕ್ಕದ ಚಿಲ್ಲರೆ ಅಂಗಡಿ, ಟೀ ಅಂಗಡಿಯವರು. 'ನಮಗ್ಯಾಕೆ, ಇಬ್ಬರೂ ಗಿರಾಕಿಗಳೇ' ಅನ್ನೋದು ಅರ್ಥ ಆಗುತ್ತೆ. ಆದರೆ ನಿಮ್ಮ ಸಿಸಿ ಕ್ಯಾಮೆರಾದಲ್ಲಿ ಘಟನೆ ಸಿಕ್ಕಿದ್ದರೆ ಅದು ಕೆಲ ದಿನಕ್ಕೆ ತಾನೇ ಅಳಿಸಿಹೋಗುತ್ತೆ. ಯಾರ ಪರ ಅಂತ ನೋಡದೆ ಆ ತುಣುಕು ಎತ್ತಿಡಿ, ಪೊಲೀಸರು ಕೇಳಿದಾಗ ಕೊಡಿ. ಇನ್ನೊಂದು, ಅಂಗಡಿ ಮುಂದಿನ ಗಾಡಿ, ಕಸ, ರಾತ್ರಿ ಗುಂಪಿನಿಂದ ಪಕ್ಕದ ಮನೆಗೆ ತೊಂದರೆ ಆಗ್ತಿದ್ದರೆ ಈ ಎಲ್ಲ ನಿಯಮ ನಿಮಗೂ ಅನ್ವಯ.

ವಕೀಲರಿಗೆ ದುಡ್ಡಿಲ್ಲ ಅಂದ್ರೆ

ಶಿಡ್ಲಘಟ್ಟ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರುವವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಕೇಸ್ ಹಾಕೋದಕ್ಕೆ ಮುಂಚೆಯೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಅಲ್ಲಿ ಆದ ರಾಜಿಗೆ ಕೋರ್ಟ್ ತೀರ್ಪಿನಷ್ಟೇ ಬೆಲೆ. ಗೋಡೆ, ದಾರಿ, ಗಡಿ ವಿಷಯ ಆಗಿದ್ದರೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಅದಕ್ಕೆ ಹಕ್ಕುಪತ್ರ, ಇ-ಸ್ವತ್ತು, ಕಂದಾಯ ರಸೀದಿ ಬೇಕು.

ಊರ ಹಿರಿಯರ ಪಂಚಾಯ್ತಿ ಮಾಡಿಸೋದು ತಪ್ಪಲ್ಲ. ಎಷ್ಟೋ ಜಗಳ ಅರಳೀಕಟ್ಟೆಯಲ್ಲೇ ಮುಗಿದಿವೆ. ಆದರೆ ಒಪ್ಪಿದ್ದನ್ನು ಬರೆದು, ಇಬ್ಬರ ಸಹಿ, ಸಾಕ್ಷಿ ಸಹಿ ಹಾಕಿಸಿ. ದಂಡ ಹಾಕೋದು, ಬಹಿಷ್ಕಾರ ಹೇಳೋದು ಅವರ ಅಧಿಕಾರ ಅಲ್ಲ.

ದೂರಿನ ಮಾದರಿ

ಇವರಿಗೆ: ಸಬ್ ಇನ್ಸ್‌ಪೆಕ್ಟರ್, ......... ಪೊಲೀಸ್ ಠಾಣೆ.
ವಿಷಯ: ಪಕ್ಕದ ಮನೆಯ ......... ರವರು ಕಿರುಕುಳ ನೀಡುತ್ತಿರುವ ಬಗ್ಗೆ.
ಮಾನ್ಯರೇ, ನಾನು ......... ಗ್ರಾಮದ ......... ಕಾಲೋನಿಯಲ್ಲಿ ......... ವರ್ಷದಿಂದ ವಾಸವಾಗಿದ್ದೇನೆ. ದಿನಾಂಕ ......... ರಂದು ......... ಗಂಟೆಗೆ ......... ಸ್ಥಳದಲ್ಲಿ ಮೇಲ್ಕಂಡವರು (ಏನು ಮಾಡಿದರು, ಏನು ಅಂದರು, ಇದ್ದ ಹಾಗೆ). ಇದನ್ನು ......... ರವರು ನೋಡಿರುತ್ತಾರೆ. ಇದಕ್ಕೂ ಮುಂಚೆ ......... ದಿನಾಂಕಗಳಲ್ಲಿ ಹೀಗೆಯೇ ನಡೆದಿರುತ್ತದೆ. ಫೋಟೋ, ಆಸ್ಪತ್ರೆ ದಾಖಲೆ ಲಗತ್ತಿಸಿದ್ದೇನೆ. ಪ್ರಕರಣ ದಾಖಲಿಸಿ ರಕ್ಷಣೆ ನೀಡಬೇಕೆಂದೂ, ಶಾಂತಿ ಕಾಪಾಡುವ ಬಾಂಡ್ ಪಡೆಯಲು ತಾಲ್ಲೂಕು ದಂಡಾಧಿಕಾರಿಗಳಿಗೆ ವರದಿ ಸಲ್ಲಿಸಬೇಕೆಂದೂ ಕೋರುತ್ತೇನೆ.

ಒಂದು ಪುಟ ಸಾಕು. ಹಳೇ ಪುರಾಣ ಎಲ್ಲ ಬೇಡ. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಗೆ ಬರಬೇಡಿ.

ಕೊನೆಗೆ, ಮಾಡಬಾರದ್ದು

ಕೈ ಎತ್ತಬೇಡಿ. ಒಂದು ಏಟು ಹೊಡೆದರೆ ಮೂರು ವರ್ಷದ ನ್ಯಾಯ ಒಂದೇ ನಿಮಿಷದಲ್ಲಿ ಹೋಗುತ್ತೆ, ಎರಡೂ ಕಡೆ ಕೇಸ್ ಆಗುತ್ತೆ, ನಿಮ್ಮ ಮನೆ ಹುಡುಗನ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅಡ್ಡ ಬರುತ್ತೆ. ಅವರ ನಲ್ಲಿ, ವೈರು ಕೀಳಬೇಡಿ. ಸ್ಟೇಟಸ್‌ನಲ್ಲಿ ಹೆಸರು ಹಾಕಿ ಬೈಯಬೇಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ನಮ್ಮ ಪಕ್ಕದವರು ಈಗಲೂ ಅಲ್ಲೇ ಇದ್ದಾರೆ. ನಾವೂ ಅಲ್ಲೇ ಇದ್ದೀವಿ. ಚರಂಡಿಗೆ ಪಂಚಾಯ್ತಿಯವರು ಪೈಪ್ ಹಾಕಿಸಿದ್ದಾರೆ. ಅದಕ್ಕೆ ಬೇಕಾಗಿದ್ದು ಅಮ್ಮ ಬರೆಸಿಕೊಟ್ಟ ಒಂದು ಅರ್ಜಿ, ಎರಡು ಸಲ ಓಡಾಟ. ಅದೇ ಅರ್ಜಿಯನ್ನು ಮೊದಲ ವರ್ಷವೇ ಕೊಡಬಹುದಿತ್ತು.